ಬ್ರೇಕ್ ಪೆಡಲ್ ಮೆತ್ತಗಾಯ್ತಾ? ಏರ್ ತೆಗೆಯುವ ಮೊದಲು ಕಾರಣ ಹುಡುಕಿ

ಎರಡು ವರ್ಷದ ಹಿಂದಿನ ಮೇ ತಿಂಗಳು. ಹುಮನಾಬಾದಿನಿಂದ ಕಲಬುರಗಿಗೆ ಬರುತ್ತಿದ್ದೆ. ಕಮಲಾಪುರ ದಾಟುವಾಗ ರಸ್ತೆಗೆ ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಪೆಡಲ್ ಅರ್ಧದವರೆಗೆ ಸುಮ್ನೆ ಇಳಿದು ಹೋಯಿತು, ಆಮೇಲೆ ಹಿಡಿಯಿತು. ಕಾರು ನಿಂತಿತು, ಎಮ್ಮೆಗೂ ಏನೂ ಆಗಲಿಲ್ಲ. ಆದರೆ ಮನೆ ಮುಟ್ಟುವ ತನಕ ಕಾಲು ನಡುಗುತ್ತಲೇ ಇತ್ತು.

ಮರುದಿನ ಒಂದು ಗ್ಯಾರೇಜಿಗೆ ಹೋದೆ. "ಏರ್ ಆಗ್ಯಾದ್ರಿ, ತೆಗದ್ರ ಸರಿ ಆಗ್ತದ" ಅಂದರು. ತೆಗೆದರು, ಸರಿಯೂ ಆಯಿತು. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಮತ್ತೆ ಏರ್ ತೆಗೆದರು. ಮೂರನೇ ಸಲ ನಾನೇ ಚಕ್ರ ಬಿಚ್ಚಿ ಕೂತೆ. ಎಡಗಡೆ ಹಿಂದಿನ ಡ್ರಮ್ ತೆಗೆದೆ. ಒಳಗೆ ವ್ಹೀಲ್ ಸಿಲಿಂಡರಿನ ಎರಡೂ ತುದಿಗೆ ಸಣ್ಣ ರಬ್ಬರ್ ಟೊಪ್ಪಿಗೆ ಇರುತ್ತದೆ. ಹೊರಗಿನಿಂದ ಒಣಗಿಯೇ ಇತ್ತು, ಮೇಲೆ ಧೂಳು ಕೂತಿತ್ತು. ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಂದ ಅದರ ಅಂಚನ್ನು ಮೆಲ್ಲಗೆ ಎತ್ತಿದೆ. ಒಳಗಿನಿಂದ ಕಪ್ಪು ಡಿಕಾಕ್ಷನ್ ಬಣ್ಣದ ಒಂದು ಹನಿ ಬಂದು ನನ್ನ ಹೆಬ್ಬೆರಳ ಮೇಲೆ ಬಿತ್ತು. ಎರಡು ಸಲ ಏರ್ ತೆಗೆದರೂ ಹೋಗದ ಕಾಯಿಲೆ ಅಲ್ಲಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬ್ರೇಕ್ ಲೈನ್ ಅಂದರೆ ಬ್ರೇಕ್ ಆಯಿಲ್ ತುಂಬಿದ, ಎಲ್ಲಾ ಕಡೆ ಮುಚ್ಚಿದ ಪೈಪು. ಅದರೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಯಾರೋ ಬಿಚ್ಚಿದಾಗ ಸೇರಿರಬೇಕು, ಇಲ್ಲಾ ಎಲ್ಲೋ ಸೋರುತ್ತಿರಬೇಕು, ಇಲ್ಲಾ ಆಯಿಲ್ ಕುದ್ದು ಆವಿ ಆಗಿರಬೇಕು. ಅದು ಯಾವುದು ಅಂತ ಗೊತ್ತಾಗದೆ ಏರ್ ಮಾತ್ರ ತೆಗೆದರೆ ಜ್ವರಕ್ಕೆ ತಣ್ಣೀರು ಪಟ್ಟಿ ಹಾಕಿದಂತೆ. ಅದೂ ಅಲ್ಲದೆ, ಪೆಡಲ್ ಮೆತ್ತಗಾಗುವುದಕ್ಕೆ ಗಾಳಿಯೇ ಕಾರಣ ಆಗಬೇಕು ಅಂತಲೂ ಇಲ್ಲ.

ಮೊದಲು ಒಂದು ಮಾತು. ಪೆಡಲ್ ನೆಲ ಮುಟ್ಟುತ್ತಿದ್ದರೆ, ಅಥವಾ ಆಯಿಲ್ ದಿನ ದಿನಕ್ಕೆ ಇಳಿಯುತ್ತಿದ್ದರೆ, ಆ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ಎಳೆಸಿಕೊಂಡು ಹೋಗಿ. ಓಡುವಾಗಲೇ ಹೀಗಾದರೆ ಪೆಡಲನ್ನು ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಸಾಮಾನ್ಯ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ವೈರಿನ ಮೇಲೆ ಕೆಲಸ ಮಾಡುತ್ತದೆ. ಆಯಿಲ್ ಪೂರ್ತಿ ಹೋದರೂ ಅದು ಹಿಡಿಯುತ್ತದೆ.

ಒಳಗೆ ಏನು ನಡೆಯುತ್ತದೆ

ನೀವು ಪೆಡಲ್ ಒತ್ತಿದಾಗ ಬೂಸ್ಟರ್ ನಿಮ್ಮ ಕಾಲಿನ ಬಲಕ್ಕೆ ಇನ್ನಷ್ಟು ಸೇರಿಸಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದೂಡುತ್ತದೆ. ಪಿಸ್ಟನ್ ಆಯಿಲನ್ನು ಪೈಪಿಗೆ ದೂಡುತ್ತದೆ. ಮುಂದೆ ಕ್ಯಾಲಿಪರ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಹಿಂದೆ ವ್ಹೀಲ್ ಸಿಲಿಂಡರ್ ಶೂಗಳನ್ನು ಡ್ರಮ್ಮಿಗೆ ಅಗಲಿಸುತ್ತದೆ. ನಮ್ಮ ಊರಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುತೇಕ ಮುಂದೆ ಡಿಸ್ಕ್, ಹಿಂದೆ ಡ್ರಮ್.

ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸೂಜಿ ಇಲ್ಲದ ಇಂಜೆಕ್ಷನ್ ಸಿರಿಂಜಿನಲ್ಲಿ ನೀರು ತುಂಬಿ, ತುದಿಗೆ ಬೆರಳಿಟ್ಟು ಒತ್ತಿ ನೋಡಿ. ಕಲ್ಲಿನಂತೆ ನಿಲ್ಲುತ್ತದೆ. ಒಂದು ಗುಳ್ಳೆ ಗಾಳಿ ಬಿಟ್ಟು ಒತ್ತಿದರೆ ಸ್ಪ್ರಿಂಗಿನಂತೆ ಆಡುತ್ತದೆ. ಬ್ರೇಕಿನಲ್ಲಿ ಕಾಲಿಗೆ ಸಿಗುವುದೂ ಇದೇ.

ಮಾಸ್ಟರಿನೊಳಗೆ ಎರಡು ಪಿಸ್ಟನ್ ಇರುತ್ತವೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಪಿಸ್ಟನ್ ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಕ್ಕೆ, ಇನ್ನೊಂದು ಉಳಿದೆರಡಕ್ಕೆ. ಒಂದು ಲೈನ್ ಒಡೆದರೂ ಅರ್ಧ ಬ್ರೇಕ್ ಉಳಿಯುತ್ತದೆ. ಆದರೆ ಪೆಡಲ್ ತುಂಬಾ ಕೆಳಗೆ ಹೋದ ಮೇಲೆ ಹಿಡಿಯುತ್ತದೆ, ನಿಲ್ಲಲು ದೂರ ಜಾಸ್ತಿ ಬೇಕು.

ಕಾಲಿನಿಂದಲೇ ಪರೀಕ್ಷೆ

ಯಾವ ಪಾನಾ ಮುಟ್ಟುವ ಮೊದಲೂ ಇದನ್ನು ಮಾಡಿ. ಹತ್ತು ನಿಮಿಷದ ಕೆಲಸ, ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಎಂಜಿನ್ ಬಂದ್ ಇರಲಿ. ಪೆಡಲ್ ಐದಾರು ಸಲ ಒತ್ತಿ ಬಿಡಿ, ಗಟ್ಟಿ ಆಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಚಾಲು ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ. ಇದು ಕಾಯಿಲೆ ಅಲ್ಲ, ಬೂಸ್ಟರ್ ಚೆನ್ನಾಗಿದೆ ಅನ್ನುವ ಗುರುತು. ಇದನ್ನೇ ನೋಡಿ ಬ್ರೇಕ್ ಮೆತ್ತಗಾಗಿದೆ ಅಂದುಕೊಂಡು ಮಾಸ್ಟರ್ ಬದಲಿಸಿದವರನ್ನು ನೋಡಿದ್ದೇನೆ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಕಲ್ಲಾಗುತ್ತದೆ.

ಈಗ ಪಂಪ್ ಪರೀಕ್ಷೆ. ಎಂಜಿನ್ ಓಡುತ್ತಿರಲಿ, ಕಾರು ನ್ಯೂಟ್ರಲ್‌ನಲ್ಲಿ ನಿಂತಿರಲಿ. ಒಂದು ಸಲ ಒತ್ತಿ, ಪೆಡಲ್ ಎಲ್ಲಿ ನಿಂತಿತು ನೋಡಿ. ಬಿಟ್ಟು ತಕ್ಷಣ ಎರಡನೇ ಸಲ, ಮೂರನೇ ಸಲ ಒತ್ತಿ. ಮೊದಲ ಸಲ ಕೆಳಗೆ ಹೋಗಿ, ಎರಡನೆಯದಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಗಾಳಿಯ ಮೇಲೆ ಅನುಮಾನ ಕಡಿಮೆ. ಎಲ್ಲೋ ಸಂದು ಜಾಸ್ತಿ ಆಗಿದೆ: ಹಿಂದಿನ ಶೂ ಮತ್ತು ಡ್ರಮ್ ನಡುವೆ ಅಂತರ ಬಿದ್ದಿದೆ, ಇಲ್ಲಾ ಮುಂದಿನ ಪ್ಯಾಡ್ ಡಿಸ್ಕಿನಿಂದ ದೂರ ಸರಿದಿದೆ. ಪಂಪ್ ಮಾಡಿದಾಗ ಮೇಲೆ ಬಂದರೂ ಕಾಲಿನಡಿ ಸ್ಪಂಜಿನಂತೆ ಆಡುತ್ತಿದ್ದರೆ, ಅದು ಗಾಳಿ.

ಆಮೇಲೆ ಹಿಡಿದು ನೋಡುವುದು. ಸಿಗ್ನಲ್ಲಿನಲ್ಲಿ ನಿಂತಾಗ ಒತ್ತುವಷ್ಟೇ ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಪೆಡಲ್ ಮೆಲ್ಲಗೆ ಜಾರುತ್ತಾ ಕೆಳಗೆ ಹೋದರೆ ಆಯಿಲ್ ಎಲ್ಲೋ ಹೊರಗೆ ಸೋರುತ್ತಿದೆ, ಅಥವಾ ಮಾಸ್ಟರಿನ ಒಳಗೇ ಪಿಸ್ಟನ್ನಿನ ರಬ್ಬರ್ ವಾಷರ್ ದಾಟಿ ಹಿಂದಕ್ಕೆ ಹೋಗುತ್ತಿದೆ. ಆಯಿಲ್ ಮಟ್ಟ ಇಳಿಯದೆ ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಮೇಲೇ ಕಣ್ಣಿಡಿ. ಒಂದು ಸೂಕ್ಷ್ಮ ಇದೆ. ಈ ಪರೀಕ್ಷೆಯನ್ನು ಎಲ್ಲರೂ ಜೋರಾಗಿ ತುಳಿದು ಮಾಡುತ್ತಾರೆ. ಜೋರಾಗಿ ತುಳಿದಾಗ ಒತ್ತಡಕ್ಕೆ ರಬ್ಬರಿನ ತುಟಿ ಅರಳಿ ಗೋಡೆಗೆ ಅಂಟಿಕೊಳ್ಳುತ್ತದೆ, ಸವೆದ ವಾಷರ್ ಕೂಡ ಹಿಡಿದುಬಿಡುತ್ತದೆ. ಹಗುರವಾಗಿ ಒತ್ತಿದಾಗಲೇ ಅದು ಜಾರುವುದು. ಹಾಗಾಗಿ ಒಮ್ಮೆ ಹಗುರವಾಗಿ, ಒಮ್ಮೆ ಜೋರಾಗಿ, ಎರಡೂ ಮಾಡಿ.

ಕೊನೆಯದು, ಯಾವಾಗ ಮೆತ್ತಗಾಗುತ್ತದೆ ಅಂತ ನೆನಪಿಸಿಕೊಳ್ಳಿ. ಬೆಳಿಗ್ಗೆ ಚೆನ್ನಾಗಿದ್ದು, ಘಾಟಿನಲ್ಲಿ ಇಳಿದ ಮೇಲೆ ಮೆತ್ತಗಾಗಿ, ತಣ್ಣಗಾದ ಮೇಲೆ ಮತ್ತೆ ಸರಿ ಹೋದರೆ ಆಯಿಲ್ ಕುದ್ದಿದೆ. ನಮ್ಮ ಕಡೆ ನೆಲ ಸಮತಟ್ಟು. ಅದಕ್ಕೇ ಇದು ಊರಲ್ಲಿ ಗೊತ್ತಾಗುವುದಿಲ್ಲ, ಶ್ರೀಶೈಲಕ್ಕೆ ಹೋದಾಗ ನಲ್ಲಮಲ ಘಾಟಿನ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ಮುಟ್ಟಿದರೂ ಆ ಬಿಸಿಲಿಗೆ ಬ್ರೇಕ್ ಆಯಿಲ್ ಕುದಿಯುವುದಿಲ್ಲ. ಹಳೆಯ ಆಯಿಲ್ ಮತ್ತು ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಇಟ್ಟ ಕಾಲು, ಇವೆರಡೂ ಸೇರಿದಾಗ ಕುದಿಯುತ್ತದೆ.

ಬಾನೆಟ್ ತೆಗೆದು ಡಬ್ಬಿ ನೋಡಿ

ಮಾಸ್ಟರ್ ಮೇಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮ್ಯಾಕ್ಸ್, ಮಿನ್ ಗೆರೆಗಳಿವೆ. ಪ್ಯಾಡ್ ಸವೆದಂತೆ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದು ಸಹಜ. ವಾರದಲ್ಲಿ ಇಳಿದರೆ ಅದು ಸೋರಿಕೆ. ಹ್ಯಾಂಡ್ ಬ್ರೇಕ್ ಬಿಟ್ಟರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರದಿದ್ದರೆ, ತಿರುವಿನಲ್ಲಿ ಮಿಣುಕಿದರೆ, ಸ್ವಿಚ್ ಕೆಟ್ಟಿದೆ ಅಂತ ಬಿಡಬೇಡಿ. ಬಹುತೇಕ ಕಾರುಗಳಲ್ಲಿ ಆಯಿಲ್ ಕಡಿಮೆ ಆದಾಗ ಹತ್ತುವುದೂ ಅದೇ ದೀಪ.

ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳು ಒರೆಸಿ. ಹೊಸ ಆಯಿಲ್ ತಿಳಿ ಜೇನಿನ ಬಣ್ಣ. ಕಪ್ಪಾಗಿದ್ದರೆ ಬದಲಿಸುವ ಕಾಲ ಬಂದಿದೆ. ಮುಚ್ಚಳದ ಕೆಳಗಿನ ರಬ್ಬರನ್ನೂ ನೋಡಿ. ಅದು ಉಬ್ಬಿ, ಅಳತೆ ಮೀರಿ ದೊಡ್ಡದಾಗಿ, ವಾಪಸ್ ಕೂರದೆ ಇದ್ದರೆ ಯಾರೋ ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಹಾಕಿದ್ದಾರೆ. ಅದು ಬ್ರೇಕಿನ ರಬ್ಬರನ್ನು ತಿಂದುಹಾಕುತ್ತದೆ. ಆಗ ತೊಳೆದರೆ ಸಾಲದು. ಮಾಸ್ಟರ್, ಹೋಸು, ಕ್ಯಾಲಿಪರ್ ಸೀಲು, ವ್ಹೀಲ್ ಸಿಲಿಂಡರು, ಹೀಗೆ ರಬ್ಬರ್ ಇರುವ ಎಲ್ಲವೂ ಬದಲಾಗಬೇಕು. ಖರ್ಚು ದೊಡ್ಡದು, ಆದರೆ ಬೇರೆ ದಾರಿ ಇಲ್ಲ.

ಆಯಿಲ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಮತ್ತು ಡಾಟ್ 4 ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಮಾನದಂಡ, ಡಾಟ್ 4 ಆದರೆ 230. ಅದರಲ್ಲಿ ಸುಮಾರು 3.7 ಶೇಕಡ ನೀರು ಸೇರಿದರೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಎಷ್ಟು ಇಳಿಯಿತು ನೋಡಿ! ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು. ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಅನ್ನುವುದು ಸಿಲಿಕೋನ್, ಇವುಗಳ ಜೊತೆ ಬೆರೆಯುವುದಿಲ್ಲ, ಅದನ್ನು ತರಬೇಡಿ. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ. ಕಳೆದ ವರ್ಷ ಸೀಲ್ ಒಡೆದು ಮೂಲೆಯಲ್ಲಿಟ್ಟ ಡಬ್ಬಿ ಬಳಸಬೇಡಿ, ಅದು ಆಗಲೇ ತೇವ ಕುಡಿದಿರುತ್ತದೆ.

ಈ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಬಕೆಟ್ ನೀರು ಪಕ್ಕದಲ್ಲೇ ಇರಲಿ, ಬಿದ್ದ ತಕ್ಷಣ ಸುರಿಯಿರಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಕಾರು ಎತ್ತುವ ಬಗ್ಗೆ

ಇಲ್ಲಿ ಗಡಿಬಿಡಿ ಬೇಡ. ನಮ್ಮ ಎರೆ ಮಣ್ಣಿನಲ್ಲಿ ಜ್ಯಾಕ್ ಇಟ್ಟರೆ ಮಳೆಗಾಲದಲ್ಲಿ ಒಂದು ಕಡೆ ಮುಳುಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕುಸಿಯುತ್ತದೆ. ಗಟ್ಟಿ ನೆಲ ಬೇಕು, ಇಲ್ಲದಿದ್ದರೆ ಜ್ಯಾಕ್ ಕೆಳಗೆ ದಪ್ಪ ಮರದ ಹಲಗೆ ಬೇಕು. ಇನ್ನೊಂದು ಅಭ್ಯಾಸ ಬಿಡಲೇಬೇಕು. ಅಂಗಳದಲ್ಲಿ ಶಹಾಬಾದ್ ಫರ್ಸಿ ತುಂಡು ಬಿದ್ದಿರುತ್ತವೆ, ನಾಲ್ಕು ತುಂಡು ಒಂದರ ಮೇಲೊಂದು ಪೇರಿಸಿ ಕಾರಿಗೆ ಆಸರೆ ಕೊಡುತ್ತಾರೆ. ಫರ್ಸಿ ಪದರ ಪದರವಾದ ಕಲ್ಲು, ಸೂಚನೆ ಕೊಡದೆ ಒಡೆಯುತ್ತದೆ. ಇಟ್ಟಿಗೆಯೂ ಅಷ್ಟೇ. ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಕೈ ಹಾಕಬೇಡಿ.

ಹಿಂದಿನ ಡ್ರಮ್ ತೆಗೆಯಲು ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಗುಟ್ಟ ಕೊಟ್ಟು, ಗೇರಿನಲ್ಲಿ ನಿಲ್ಲಿಸಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲ ಮಾಡಿ.

ಸೋರಿಕೆ ಹುಡುಕುವುದು

ರಾತ್ರಿ ಕಾರಿನಡಿ ನಾಲ್ಕೂ ಚಕ್ರದ ಹತ್ತಿರ ರಟ್ಟು ಹಾಸಿಡಿ, ಬೆಳಿಗ್ಗೆ ಹನಿ ಎಲ್ಲಿದೆ ನೋಡಿ. ಏಸಿ ನೀರಿನ ಹನಿ ಒಣಗಿ ಹೋಗುತ್ತದೆ, ಬ್ರೇಕ್ ಆಯಿಲ್ ಜಿಡ್ಡು ಜಿಡ್ಡಾಗಿ ಉಳಿಯುತ್ತದೆ.

ಪ್ರತಿ ಚಕ್ರದ ಒಳಮೈ ನೋಡಿ. ಟಯರಿನ ಒಳಗೋಡೆ ಒದ್ದೆ ಇದ್ದು ಅದರ ಮೇಲೆ ಧೂಳು ಕೆಸರಿನಂತೆ ಅಂಟಿದ್ದರೆ ಅಲ್ಲೇ ಸೋರಿಕೆ. ಮುಂದಿನ ರಬ್ಬರ್ ಹೋಸುಗಳನ್ನು ಬೆರಳಿನಿಂದ ಬಗ್ಗಿಸಿ ಬಿರುಕು ನೋಡಿ. ಆಮೇಲೆ ಯಾರಾದರೂ ಪೆಡಲ್ ಒತ್ತಲಿ, ನೀವು ಹೋಸು ಹಿಡಿದುಕೊಳ್ಳಿ. ಮುಷ್ಟಿಯೊಳಗೆ ಅದು ಊದಿಕೊಂಡದ್ದು ಗೊತ್ತಾದರೆ ಪೆಡಲಿನ ಗಟ್ಟಿತನ ಅಲ್ಲಿ ಪೋಲಾಗುತ್ತಿದೆ. ಕಬ್ಬಿಣದ ಪೈಪುಗಳಲ್ಲಿ ಕ್ಲಿಪ್ ಕೆಳಗೆ ತುಕ್ಕು ಹಿಡಿಯುವುದು ಜಾಸ್ತಿ, ಅಲ್ಲಿ ಕೆಸರು ನಿಲ್ಲುತ್ತದೆ.

ಮಟ್ಟ ಇಳಿಯುತ್ತಿದೆ, ಹೊರಗೆ ಎಲ್ಲೂ ಹನಿ ಇಲ್ಲ. ಆಗ ಎರಡು ಜಾಗ ಉಳಿಯುತ್ತವೆ. ಒಂದು ಡ್ರಮ್ಮಿನ ಒಳಗೆ, ನನ್ನ ಕಾರಿನಲ್ಲಿ ಆದಂತೆ. ಇನ್ನೊಂದು ಮಾಸ್ಟರಿನ ಹಿಂಭಾಗ. ಅಲ್ಲಿನ ಸೀಲ್ ಹೋದರೆ ಆಯಿಲ್ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಮಾಸ್ಟರ್ ಮತ್ತು ಬೂಸ್ಟರ್ ಸೇರುವ ಕಡೆ ಕೆಳಭಾಗಕ್ಕೆ ಬಿಳಿ ಬಟ್ಟೆ ಒತ್ತಿ ನೋಡಿ. ಅಲ್ಲಿ ಬೂಸ್ಟರಿನ ಪೇಂಟ್ ಉಬ್ಬಿದ್ದರೂ ಅದೇ ಗುರುತು.

ಹೋಸು ಬಿಗಿದು ಕಾಯಿಲೆಯ ಮೂಲೆ ಗುರುತಿಸಿ

ಸೋರಿಕೆ ಕಾಣಲಿಲ್ಲ, ಪೆಡಲ್ ಮಾತ್ರ ಮೆತ್ತಗೇ ಇದೆ. ಈಗ ಹೋಸು ಕ್ಲ್ಯಾಂಪ್ ಬೇಕು. ನುಣುಪಾದ ದುಂಡು ಬಾಯಿ ಇರುವ ಕ್ಲ್ಯಾಂಪನ್ನೇ ತನ್ನಿ. ಹಲ್ಲಿರುವ ಪ್ಲೈಯರ್ ಹಾಕಿದರೆ ಹೋಸು ಒಳಗೊಳಗೇ ಹರಿಯುತ್ತದೆ. ಬಿರುಕು ಬಿಟ್ಟ ಹಳೆ ಹೋಸಿಗೆ ಈ ಪರೀಕ್ಷೆ ಬೇಡ, ಅದನ್ನು ನೇರ ಬದಲಿಸಿ.

ಮುಂದಿನ ಎರಡೂ ಹೋಸು, ಹಿಂದಿನ ಹೋಸುಗಳು, ಎಲ್ಲವನ್ನೂ ಬಿಗಿಯಿರಿ. ಪೆಡಲ್ ಒತ್ತಿ. ಮೇಲೆಯೇ ಗಟ್ಟಿಯಾಗಿ ನಿಂತರೆ ಮಾಸ್ಟರ್ ಚೆನ್ನಾಗಿದೆ, ದೋಷ ಚಕ್ರಗಳ ಕಡೆ ಇದೆ. ಎಲ್ಲ ಬಿಗಿದರೂ ಪೆಡಲ್ ಜಾರಿದರೆ ದೋಷ ಮಾಸ್ಟರಿನಲ್ಲಿ. ಜಾರದೆ ಸ್ಪಂಜಿನಂತೆ ಆಡಿದರೆ ಮಾಸ್ಟರಿನಲ್ಲೋ, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದಲ್ಲೋ ಗಾಳಿ ಇದೆ. ಮಾಸ್ಟರ್ ಚೆನ್ನಾಗಿದ್ದರೆ ಕ್ಲ್ಯಾಂಪುಗಳನ್ನು ಒಂದೊಂದಾಗಿ ಬಿಡುತ್ತಾ, ಪ್ರತಿ ಸಲ ಪೆಡಲ್ ಒತ್ತುತ್ತಾ ಹೋಗಿ. ಯಾವುದನ್ನು ಬಿಟ್ಟಾಗ ಪೆಡಲ್ ಧೊಪ್ಪನೆ ಇಳಿಯಿತೋ ಆ ಚಕ್ರದಲ್ಲೇ ಕಾಯಿಲೆ.

ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗೆ ಗೊತ್ತಿಲ್ಲ. ಊಹೆಯ ಮೇಲೆ ಮಾಸ್ಟರ್ ಬದಲಿಸಿ ದುಡ್ಡು ಕಳೆಯುವುದು ಇದರಿಂದ ತಪ್ಪುತ್ತದೆ.

ಹಿಂದಿನ ಡ್ರಮ್: ನಮ್ಮ ಕಡೆ ಮೊದಲು ಇಲ್ಲೇ ನೋಡಿ

ಸೇಡಂ, ವಾಡಿ, ಶಹಾಬಾದ್ ಕಡೆ ದಿನಾ ಓಡಾಡುವ ಕಾರಿಗೆ ಸುಣ್ಣದಕಲ್ಲಿನ, ಸಿಮೆಂಟಿನ ಧೂಳು ತಪ್ಪಿದ್ದಲ್ಲ. ಮಳೆಗಾಲದಲ್ಲಿ ಎರೆ ಮಣ್ಣಿನ ಕೆಸರು ಒಳಗೆ ಹೋಗಿ ಒಣಗಿ ಹೆಂಟೆ ಆಗುತ್ತದೆ. ಶೂ ಸವೆದಂತೆ ತಾನೇ ತಿರುಗಿ ಸಂದು ತುಂಬಬೇಕಾದ ಅಡ್ಜಸ್ಟರ್ ಆ ಧೂಳಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಪ್ರತಿ ಸಲವೂ ಪೆಡಲಿನ ಅರ್ಧ ಓಟ ಆ ಸಂದು ತುಂಬುವುದಕ್ಕೇ ಹೋಗುತ್ತದೆ. ಪಂಪ್ ಪರೀಕ್ಷೆಯಲ್ಲಿ ಎರಡನೇ ಸಲ ಪೆಡಲ್ ಮೇಲೆ ಬಂದಿತ್ತು ಅಂದರೆ ಇದೇ ಇರಬಹುದು. ಹ್ಯಾಂಡ್ ಬ್ರೇಕ್ ಲಿವರ್ ತುಂಬಾ ಮೇಲಿನ ತನಕ ಎದ್ದರೂ ಇದೇ ಸೂಚನೆ. ಆಗ ವೈರ್ ಬಿಗಿ ಮಾಡಿಸುವುದು ತಪ್ಪು, ಮೊದಲು ಶೂ ಸರಿ ಮಾಡಬೇಕು.

ಡ್ರಮ್ ಬರದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಅನೇಕ ಡ್ರಮ್ಮುಗಳ ಮುಖದಲ್ಲಿ 8 ಎಂಎಂ ಬೋಲ್ಟ್ ಹೋಗುವ, ಥ್ರೆಡ್ ಇರುವ ಎರಡು ತೂತು ಇರುತ್ತವೆ. ಎರಡಕ್ಕೂ ಬೋಲ್ಟ್ ಹಾಕಿ ಸರದಿಯಂತೆ ಅರ್ಧ ಅರ್ಧ ಸುತ್ತು ಬಿಗಿದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ.

ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿಯೂ ಬೇಡ. ಅದು ಎದೆಗೆ ಕೆಟ್ಟದ್ದು, ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ತೋಯಿಸಿ ಒರೆಸಿ. ಒಂದು ಚಕ್ರದ ಕೆಲಸ ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಬಿಚ್ಚಬೇಡಿ. ಸ್ಪ್ರಿಂಗ್ ಎಲ್ಲಿಗೆ ಅಂತ ಮರೆತರೆ ಆ ಕಡೆಯದನ್ನು ನೋಡಿ ಹಾಕಬಹುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಅಡ್ಜಸ್ಟರ್ ಬಿಚ್ಚಿ ಥ್ರೆಡ್ ಉಜ್ಜಿ, ಬಿಸಿ ತಡೆಯುವ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಬೆರಳಿಗೆ ಸಲೀಸಾಗಿ ತಿರುಗಬೇಕು. ಜೋಡಿಸಿದ ಮೇಲೆ ಡ್ರಮ್ ಹಾಕಿ ತೆಗೆದು, ಹಲ್ಲು ಹಲ್ಲಾಗಿ ಹಿಗ್ಗಿಸುತ್ತಾ ಹೋಗಿ. ಡ್ರಮ್ ಕೂತಾಗ ಶೂ ಸಣ್ಣಗೆ ಸವರಿದ ಸದ್ದು ಬರಬೇಕು, ಆದರೆ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ವ್ಹೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡುವುದನ್ನು ಮರೆಯಬೇಡಿ. ಒಳಗೆ ಒದ್ದೆ ಇದ್ದರೆ ಬರೀ ರಬ್ಬರ್ ಕಿಟ್ ಹಾಕುವುದಕ್ಕಿಂತ ಸಿಲಿಂಡರನ್ನೇ ಬದಲಿಸಿ. ಒಳಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ ಹೊಸ ರಬ್ಬರ್ ಕೂಡ ಬೇಗ ಹರಿಯುತ್ತದೆ. ಆಯಿಲ್ ಕುಡಿದ ಶೂ ಎಷ್ಟು ತೊಳೆದರೂ ಸರಿ ಹೋಗುವುದಿಲ್ಲ. ಎರಡೂ ಕಡೆಯ ಶೂ ಒಟ್ಟಿಗೇ ಬದಲಿಸಿ, ಇಲ್ಲವಾದರೆ ಕಾರು ಒಂದು ಕಡೆ ಎಳೆಯುತ್ತದೆ.

ಮುಂದಿನ ಚಕ್ರ

ಕ್ಯಾಲಿಪರಿನ ಸ್ಲೈಡ್ ಪಿನ್ ಬೆರಳಿನಿಂದ ದೂಡಿದರೆ ಜಾರಬೇಕು. ಕಚ್ಚಿದ್ದರೆ ಪ್ಯಾಡ್ ಒಂದು ಕಡೆ ಜಾಸ್ತಿ ಸವೆದು ಓರೆ ಆಗಿರುತ್ತದೆ, ಒತ್ತಿದಾಗ ಕ್ಯಾಲಿಪರೇ ಬಾಗಿ ಪೆಡಲ್ ಸ್ಪಂಜಿನಂತೆ ಅನಿಸುತ್ತದೆ. ಪಿನ್ ತೊಳೆದು ರಬ್ಬರಿಗೆ ಹೊಂದುವ ಸಿಲಿಕೋನ್ ಬ್ರೇಕ್ ಗ್ರೀಸ್ ಹಾಕಿ. ಇಲ್ಲಿ ಚಾಸಿಸ್ ಗ್ರೀಸ್ ಬೇಡ.

ಚಕ್ರ ಎತ್ತಿದಾಗ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಬೇರಿಂಗಿನಲ್ಲಿ ಆಟ ಇದ್ದರೆ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ದೂಡುತ್ತದೆ. ಗುಂಡಿ ರಸ್ತೆ ದಾಟಿದ ಮೇಲಿನ ಮೊದಲ ಬ್ರೇಕ್ ಮಾತ್ರ ಕೆಳಗೆ ಹೋಗುತ್ತಿದ್ದರೆ ಇದನ್ನು ನೋಡಲೇಬೇಕು.

ಕ್ಯಾಲಿಪರ್ ಬದಲಿಸಿದ ನಂತರ ಎಷ್ಟು ಏರ್ ತೆಗೆದರೂ ಪೆಡಲ್ ಗಟ್ಟಿ ಆಗುತ್ತಿಲ್ಲವಾ? ನಿಪ್ಪಲ್, ಅಂದರೆ ಏರ್ ಹೊರಗೆ ಬಿಡಲು ಸಡಿಲಿಸುವ ಸಣ್ಣ ತಿರುಪು, ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೇ ಉಳಿದು ಆಯಿಲ್ ಮಾತ್ರ ಹೊರಗೆ ಬರುತ್ತದೆ.

ಹೋಸು ಬದಲಿಸುವುದಾದರೆ ಜೋಡಿಯಾಗಿ ಬದಲಿಸಿ. ಬೋಲ್ಟಿನ ಎರಡೂ ಕಡೆಯ ತಾಮ್ರದ ವಾಷರ್ ಹೊಸದೇ ಇರಲಿ.

ಮಾಸ್ಟರ್ ಬದಲಿಸುವಾಗ

ಡಬ್ಬಿಯ ಆಯಿಲ್ ಸಿರಿಂಜಿನಿಂದ ಹೀರಿ ತೆಗೆಯಿರಿ. ಪೈಪಿನ ನಟ್ಟಿಗೆ ಸಾದಾ ಪಾನಾ ಹಾಕಿದರೆ ಮೂಲೆ ತಿಂದುಹೋಗುತ್ತದೆ, ಫ್ಲೇರ್ ನಟ್ ಪಾನಾ ಬೇಕು. ಬೂಸ್ಟರಿನಿಂದ ಎರಡು ನಟ್ ಬಿಚ್ಚಿದರೆ ಮಾಸ್ಟರ್ ಕೈಗೆ ಬರುತ್ತದೆ.

ಹೊಸದನ್ನು ಕೂರಿಸುವ ಮೊದಲು ಅದರೊಳಗಿನ ಗಾಳಿಯನ್ನು ಹೊರಗೇ ತೆಗೆಯಬೇಕು. ವೈಸಿನಲ್ಲಿ ಮಟ್ಟವಾಗಿ ಹಿಡಿಸಿ. ಹೊರದಾರಿಗಳಿಗೆ ಸಣ್ಣ ಪೈಪ್ ಸಿಕ್ಕಿಸಿ ಅದರ ತುದಿ ಡಬ್ಬಿಯ ಆಯಿಲಿನೊಳಗೆ ಮುಳುಗಿರಲಿ. ಮರದ ಕಡ್ಡಿಯಿಂದ ಪಿಸ್ಟನ್ ಮೆಲ್ಲಗೆ ದೂಡಿ, ಮೆಲ್ಲಗೆ ಬಿಡಿ. ಗುಳ್ಳೆ ಪೂರ್ತಿ ನಿಲ್ಲುವ ತನಕ ಇದೇ ಕೆಲಸ. ಈ ಹಂತ ಬಿಟ್ಟು ಕೂರಿಸಿದರೆ ಚಕ್ರಗಳಲ್ಲಿ ಲೀಟರ್‌ಗಟ್ಟಲೆ ಆಯಿಲ್ ಸುರಿದರೂ ಪೆಡಲ್ ಗಟ್ಟಿಯಾಗುವುದು ಕಷ್ಟ.

ಏರ್ ತೆಗೆಯುವುದು

ಕಾರಣ ಸಿಕ್ಕಿತು, ಸರಿ ಆಯಿತು. ಈಗ ಏರ್. ಬೇಕಾದ್ದು ಇಷ್ಟು: ನಿಪ್ಪಲ್ಲಿಗೆ ಕೂರುವ 8 ಅಥವಾ 10 ಎಂಎಂ ರಿಂಗ್ ಪಾನಾ, ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಒಂದು ಬಾಟಲಿ, ಸೀಲ್ ಒಡೆಯದ ಒಂದು ಲೀಟರ್ ಆಯಿಲ್, ಪೆಡಲ್ ಒತ್ತಲು ಒಬ್ಬರು. ಹಿಂದಿನ ಸಂಜೆಯೇ ನಿಪ್ಪಲ್ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮುರಿದರೆ ಕೆಲಸ ಮೂರು ಪಟ್ಟಾಗುತ್ತದೆ.

ಹಳೆ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ನೆಲದ ತನಕ ಹೋಗದಂತೆ. ದಿನವೂ ಪಿಸ್ಟನ್ ಓಡಾಡದ ಆ ಕೊನೆಯ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಅದರ ಮೇಲೆ ವಾಷರ್ ಉಜ್ಜಿದರೆ ಚೆನ್ನಾಗಿದ್ದ ಮಾಸ್ಟರ್ ಕೂಡ ಅವತ್ತೇ ಹೋಗುತ್ತದೆ.

ಮಾಸ್ಟರಿನಿಂದ ದೂರದ ಚಕ್ರ ಮೊದಲು. ನಮ್ಮ ಬಲಗಡೆ ಸ್ಟಿಯರಿಂಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಎಡ ಹಿಂದಿನದು, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ಕಾರಿನ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಮಾಡಿ. ಎಂಜಿನ್ ಬಂದ್ ಇರಲಿ.

ಪೈಪಿನ ಒಂದು ತುದಿ ನಿಪ್ಪಲ್ಲಿಗೆ, ಇನ್ನೊಂದು ಬಾಟಲಿಯ ತಳದಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರಲ್ಲಿ ಮುಳುಗಿರಲಿ. ಉಳಿದದ್ದೆಲ್ಲ ಇಬ್ಬರ ಮಾತಿನ ಹೊಂದಾಣಿಕೆ. ನಮ್ಮ ಮನೆಯಲ್ಲಿ ಅಣ್ಣನ ಮಗ ಕೂರುತ್ತಾನೆ.

"ಒತ್ತು."

"ಒತ್ತೀನ್ರಿ ಕಾಕಾ."

"ಹಿಡ್ಕೋ. ಬಿಡು ಅನ್ನೋತನಕ ಬಿಡಬ್ಯಾಡ."

ಆಗ ನಾನು ನಿಪ್ಪಲ್ಲನ್ನು ಕಾಲು ಸುತ್ತು ಬಿಚ್ಚುತ್ತೇನೆ. ಪೈಪಿನಲ್ಲಿ ಕಪ್ಪು ಆಯಿಲ್, ಅದರ ನಡುವೆ ಮಣಿ ಪೋಣಿಸಿದಂತೆ ಗುಳ್ಳೆಗಳು ಓಡುತ್ತವೆ.

"ಕೆಳಗ ಹೋತು ಕಾಕಾ."

ನಿಪ್ಪಲ್ ಬಿಗಿಯುತ್ತೇನೆ. ಬಿಗಿದ ಮೇಲೆಯೇ "ಬಿಡು" ಅನ್ನುತ್ತೇನೆ. ಈ ಕ್ರಮ ತಪ್ಪಿದರೆ, ಅಂದರೆ ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ, ಗಾಳಿ ವಾಪಸ್ ಒಳಗೆ ಹೋಗುತ್ತದೆ. ಪೆಡಲನ್ನು ಜೋರಾಗಿ ತುಳಿಯುವುದೂ ಬೇಡ, ಗಾಳಿ ನೊರೆಯಾಗಿ ಆಯಿಲಿನಲ್ಲಿ ಬೆರೆಯುತ್ತದೆ. ನಿಧಾನ ಒತ್ತಿ, ಬಿಟ್ಟ ಮೇಲೆ ಒಂದೆರಡು ಸೆಕೆಂಡ್ ತಡೆದು ಮತ್ತೆ ಒತ್ತಿ. ನಡುವೆ ಕ್ಯಾಲಿಪರಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಂಟಿಕೊಂಡ ಗುಳ್ಳೆ ಬಿಡುತ್ತದೆ.

ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ಆಯಿಲ್ ಹಾಕಿ. ಇದನ್ನು ಮರೆತು ಡಬ್ಬಿ ಖಾಲಿ ಆದರೆ ಮಾಸ್ಟರಿಗೆ ಗಾಳಿ ಸೇರಿ ಎಲ್ಲವೂ ಮೊದಲಿನಿಂದ. ಜೇನಿನ ಬಣ್ಣದ ಹೊಸ ಆಯಿಲ್ ಬಂದು, ಸತತ ಐದಾರು ಸಲ ಗುಳ್ಳೆ ಬರದಿದ್ದರೆ ಆ ಚಕ್ರ ಮುಗಿಯಿತು. ನಿಪ್ಪಲ್ ಸಣ್ಣದು, ಕೈ ಬಲ ತೋರಿಸಬೇಡಿ. ಧೂಳಿನ ರಬ್ಬರ್ ಟೊಪ್ಪಿಗೆ ವಾಪಸ್ ಹಾಕಿ.

ಒಬ್ಬರೇ ಇದ್ದರೆ ನಿಪ್ಪಲ್ ಸಡಿಲಿಸಿ ಆಯಿಲ್ ತಾನಾಗಿ ಇಳಿಯಲು ಬಿಡಬಹುದು. ತುಂಬಾ ಹೊತ್ತು ಬೇಕು, ಆದರೆ ಡಬ್ಬಿ ಕಾಯುತ್ತಾ ಕೂತರೆ ಕೆಲಸ ಆಗುತ್ತದೆ.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಎಬಿಎಸ್ ಇದ್ದರೂ ಚಕ್ರದ ಕಡೆಯ ಕೆಲಸಕ್ಕೆ ಮೇಲಿನ ವಿಧಾನವೇ ಸಾಕು. ಆದರೆ ಆ ಘಟಕದೊಳಗೇ ಗಾಳಿ ಹೋಗಿದ್ದರೆ ಅದರ ವಾಲ್ವುಗಳನ್ನು ಸ್ಕ್ಯಾನರಿನಿಂದ ಓಡಿಸಿ ತೆಗೆಯಬೇಕಾಗಬಹುದು. ಅದು, ಮತ್ತು ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳ ಬ್ರೇಕ್, ಸ್ಕ್ಯಾನರ್ ಇರುವ ಉಸ್ತಾದ್ ಕೈಗೇ ಕೊಡಿ.

ರಸ್ತೆಗೆ ಇಳಿಸುವ ಮೊದಲು

ಚಕ್ರ ಹಾಕಿ, ಕಾರು ಇಳಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಎಂಜಿನ್ ಚಾಲು ಮಾಡುವ ಮೊದಲು ಪೆಡಲ್ ಗಟ್ಟಿ ಆಗುವ ತನಕ ಪಂಪ್ ಮಾಡಿ. ಚಾಲು ಮಾಡಿ ಜೋರಾಗಿ 30 ಸೆಕೆಂಡ್, ಹಗುರವಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಜಾರಬಾರದು. ಇಳಿದು ಬಂದು ಪ್ರತಿ ನಿಪ್ಪಲ್, ಪ್ರತಿ ಜೋಡಣೆಗೆ ಒಣ ಬಟ್ಟೆ ಒತ್ತಿ ನೋಡಿ.

ಅಂಗಳದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ 30, ಅದಾದ ಮೇಲೆ 40ರ ವೇಗ. ನಾನು ನಸುಕಿನಲ್ಲಿ ರಿಂಗ್ ರೋಡಿನ ಕಡೆ ಹೋಗುತ್ತೇನೆ. ಸೂಪರ್ ಮಾರ್ಕೆಟಿನ ಗದ್ದಲದಲ್ಲಿ ಈ ಪರೀಕ್ಷೆ ಬೇಡ. ಸ್ಟಿಯರಿಂಗ್ ಹಗುರವಾಗಿ ಹಿಡಿದು ಬ್ರೇಕ್ ಹಾಕಿ, ಕಾರು ಎಡಕ್ಕೋ ಬಲಕ್ಕೋ ಎಳೆಯುತ್ತದಾ ನೋಡಿ. ವಾಪಸ್ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದೇ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ.

ಹಳೆ ಆಯಿಲನ್ನು ಮೋರಿಗೆ ಚೆಲ್ಲಬೇಡಿ, ಮೇಯುವ ದನ ಇರುವ ಕಡೆ ಅಂತೂ ಬೇಡವೇ ಬೇಡ, ಅದು ವಿಷ. ಬಾಟಲಿಗೆ ಮುಚ್ಚಳ ಹಾಕಿ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಡಬ್ಬಿಯ ಮೇಲೆ ಸಣ್ಣ ಟೇಪ್ ಅಂಟಿಸಿ ಅವತ್ತಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ವಾರ ದಿನಾ ಬೆಳಿಗ್ಗೆ ಬಾನೆಟ್ ತೆಗೆದು ನೋಡಿ. ನನ್ನ ಕಾರಿನ ಗೆರೆ ಎಂಟನೇ ದಿನವೂ ಅಲ್ಲೇ ಇತ್ತು. ಅವತ್ತು ಮನೆಯವರನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗಿಬಂದೆ.